ಸಾಹೇಬರ ಪಿಸ್ತೂಲಿನ ರೋಗ

ನಾಲ್ಕನೇ ಗುಂಡಿಗೂ ಅದೇ ಕಥೆ. ಗುಂಡೇನೋ ಹೋಯಿತು, ಖಾಲಿ ಕಾಡತೂಸು ಮಾತ್ರ ಹೊರಗೆ ಹಾರಲಿಲ್ಲ. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಬೆಕ್ಕಿನಂತೆ ಅರ್ಧ ಒಳಗೆ, ಅರ್ಧ ಹೊರಗೆ.

ಪೊಲೀಸ್ ತರಬೇತಿ ಶಾಲೆಯ ಸಾಹೇಬರು ಅತ್ತ ಕಣ್ಣೂ ಹಾಯಿಸದೆ ಅದನ್ನು ಕೊಡವಿ ಬೀಳಿಸಿದರು. ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟರು.

"ಹೊಸ ಮಾಲು ಮೇಡಂ. ನೋಡೋಕೆ ಅಂಗೈ ಅಗಲ, ಹಟ ಮಾತ್ರ ಬೆಟ್ಟದಷ್ಟು. ಸಂಜೆಯೊಳಗೆ ಸರಿಯಾಗ್ಬೇಕು."

ರಿಪೇರಿಯಾಕೆ ತಲೆಯಾಡಿಸಿದಳು. ಕೆಲಸಕ್ಕೆ ಬಂದು ಐದೇ ದಿನ. ಇನ್ನೂ ಖಾಯಂ ಆಗಿರಲಿಲ್ಲ. ಸ್ಟೋರಿನ ಗುಮಾಸ್ತ ಮೊದಲ ದಿನವೇ ಕಿವಿಯೂದಿದ್ದ: "ನಿಮಗಿಂತ ಮುಂಚೆ ಮೂವರು ಬಂದಿದ್ರು ಅಕ್ಕಾ. ಇದೇ ಪಿಸ್ತೂಲು. ಒಬ್ಬ ಸ್ಪ್ರಿಂಗ್ ಬದಲಿಸ್ದ. ಇನ್ನೊಬ್ಬ ಕಾಡತೂಸು ಎಳೆಯೋ ಕೊಕ್ಕೆ ಬದಲಿಸ್ದ. ಮೂರನೆಯವನು ತಪ್ಪು ಸಾಹೇಬ್ರ ಕೈದು ಅಂದ. ಮೂವರೂ ಮನೆಗೆ!"

ಅವಳು ಪಿಸ್ತೂಲು ಬಿಚ್ಚಿದಳು. ಕೊಕ್ಕೆ ಚೂಪಾಗಿತ್ತು. ಸ್ಪ್ರಿಂಗ್ ಗಟ್ಟಿಮುಟ್ಟಾಗಿತ್ತು. ಒಳಗೆ ಹುಡುಕಿದರೂ ಮಸಿಯಿಲ್ಲ. ಜೋಡಿಸಿ, ಸಾಹೇಬರ ಡಬ್ಬಿಯದೇ ಹತ್ತು ಗುಂಡು ತುಂಬಿ ತಾನೇ ಹಾರಿಸಿದಳು. ಹತ್ತೂ ಕಾಡತೂಸು ಬಾಣಲೆಯ ಸಾಸಿವೆಯಂತೆ ಚಿಮ್ಮಿದವು.

ಸಾಹೇಬರನ್ನು ಮತ್ತೆ ಕರೆಸಿದಳು. ಈ ಸಲ ಪಿಸ್ತೂಲನ್ನು ನೋಡಲಿಲ್ಲ, ಅವರ ಮಣಿಕಟ್ಟನ್ನು ನೋಡಿದಳು. ಗುಂಡು ಹಾರಿದ್ದೇ ತಡ, ಅದು ಬಾಡಿದ ಸೊಪ್ಪಿನಂತೆ ಹಿಂದಕ್ಕೆ ಬಾಗಿತು; ಕಾಡತೂಸು ಮತ್ತೆ ಸಿಕ್ಕಿಕೊಂಡಿತು. ಪುಟ್ಟ ಪಿಸ್ತೂಲು, ಹೂವಿನಷ್ಟು ಹಗುರ. ಕೈ ಅಲುಗದೆ ನಿಂತರೆ ಮಾತ್ರ ಮೇಲಿನ ಸ್ಲೈಡ್ ಪೂರ್ತಿ ಹಿಂದೆ ಸರಿದು ಕಾಡತೂಸನ್ನು ಹೊರಗೆಸೆಯುತ್ತದೆ. ರೋಗ ಕಬ್ಬಿಣದ್ದಲ್ಲ.

ಆದರೆ ಹೇಳುವುದು ಹೇಗೆ? ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬುದು ಅವಳ ಪಾಲಿಗೆ ಗಾದೆಯಲ್ಲ, ಅನುಭವ. ಆ ನಾಲಿಗೆಯಿಂದಲೇ ಎರಡು ಕೆಲಸ ಕಳೆದುಕೊಂಡಿದ್ದಳು. ಈ ಸಲ ಹೊರಡುವಾಗ ಅತ್ತೆ ಬಾಗಿಲಲ್ಲೇ ತಡೆದು ಅಂದಿದ್ದರು: "ರಿಪೇರಿ ಕೈಯಲ್ಲಿ ಮಾಡಮ್ಮಾ, ಬಾಯಲ್ಲಿ ಬೇಡ."

ಪಿಸ್ತೂಲು ಹಿಡಿದು ಒಳಕೋಣೆಗೆ ಹೋದಳು. ಅರ್ಧ ಗಂಟೆ ಸುತ್ತಿಗೆಯಿಂದ ಬರೀ ಮೇಜು ಕುಟ್ಟಿದಳು. ಹಣೆಗೆ ಒಂದಿಷ್ಟು ಎಣ್ಣೆ ಬಳಿದುಕೊಂಡು ಹೊರಗೆ ಬಂದಳು.

"ಬೇರೆ ಥರದ ಸ್ಪ್ರಿಂಗ್ ಹಾಕಿದ್ದೀನಿ ಸಾರ್. ಕತ್ತೆ ಒದ್ದ ಹಾಗೆ ಒದೆಯುತ್ತೆ, ಹುಷಾರು. ಅವರಿವರ ಕೈಗೆ ಬಗ್ಗೋದಲ್ಲ. ನಿಮ್ಮಂಥೋರು ಗಟ್ಟಿಯಾಗಿ ಹಿಡಿದ್ರೆ ಮಾತ್ರ."

ಸಾಹೇಬರು ಹಲ್ಲು ಕಚ್ಚಿ, ಉಡದಂತೆ ಹಿಡಿದರು. ಹತ್ತು ಗುಂಡು. ಹತ್ತೂ ಕಾಡತೂಸು ಟಣಟಣನೆ ನೆಲಕ್ಕೆ.

"ಶಭಾಷ್! ನಾಳೆ ಇನ್ನೂ ಹನ್ನೆರಡು ಪಿಸ್ತೂಲು ಬರ್ತವೆ. ಎಲ್ಲಕ್ಕೂ ಇದೇ ಸ್ಪ್ರಿಂಗ್ ಹಾಕ್ಬಿಡಿ. ಈಗಲೇ ಸ್ಟೋರಿಗೆ ಚೀಟಿ ಬರೆದುಕೊಡಿ."

ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಇಲ್ಲದ ಸ್ಪ್ರಿಂಗಿಗೆ ಏನೆಂದು ಬರೆಯುವುದು? ಕೆಲಸ ಹೋದರೆ ಹೋಗಲಿ ಎಂದು ಪೆನ್ನು ಕೆಳಗಿಟ್ಟಳು.

"ಸಾರ್, ನಾನು ಯಾವ ಸ್ಪ್ರಿಂಗೂ ಹಾಕಿಲ್ಲ."

"ಗೊತ್ತು," ಎಂದರು ಸಾಹೇಬರು. "ಪಿಸ್ತೂಲು ರಿಪೇರಿ ಮಾಡೋರು ಬೀದಿಗೊಬ್ಬರು ಸಿಗ್ತಾರೆ. ಸೋಮವಾರದಿಂದ ನಲವತ್ತು ಅಧಿಕಾರಿಗಳು ಕಲಿಯೋಕೆ ಬರ್ತಿದ್ದಾರೆ. ಎಲ್ಲರದೂ ಕೈ ಸಡಿಲ, ಜಂಬ ಬಿಗಿ. ಮರ್ಯಾದೆಗೆ ಗೀರು ಬೀಳದ ಹಾಗೆ ಅವರ ಕೈ ರಿಪೇರಿ ಮಾಡೋರು ನನಗೆ ಬೇಕಿತ್ತು. ನೀವಿನ್ನು ಖಾಯಂ."

ಅವಳು ಕಣ್ಣು ಕಣ್ಣು ಬಿಟ್ಟಳು. "ಹಾಗಾದ್ರೆ... ನಿಮ್ಮ ಕೈ, ಸಾರ್?"

ಸಾಹೇಬರು ಮತ್ತೆ ಗುಂಡು ತುಂಬಿ, ಪಿಸ್ತೂಲನ್ನು ಎಡಗೈಗೆ ದಾಟಿಸಿ, ಅವಳತ್ತಲೇ ನಗುತ್ತ ನಿಂತು, ಐದು ಗುಂಡುಗಳನ್ನು ಗುರಿಹಲಗೆಯ ಒಂದೇ ತೂತಿನಲ್ಲಿ ತೂರಿಸಿದರು: "ಈ ಮಣಿಕಟ್ಟನ್ನ ಸಡಿಲ ಬಿಡೋದು ಕಲಿಯೋಕೆ ನನಗೆ ಪೂರ್ತಿ ಒಂದು ವಾರ ಹಿಡೀತು ಮೇಡಂ."