ನೇರ ದಕ್ಷಿಣಕ್ಕೆ

ನಕ್ಷೆ, ದಿಕ್ಸೂಚಿ ಕೊಟ್ಟು, ಕತ್ತಲಾಗುವುದರೊಳಗೆ ನೀವೇ ಶಿಬಿರಕ್ಕೆ ಇಳಿದು ಬನ್ನಿ ಎಂದು ಚಾರಣ ಶಿಬಿರದ ತರಬೇತುದಾರರು ನಮ್ಮನ್ನು ಬೆಟ್ಟದ ಮೇಲೆ ಬಿಟ್ಟು ಹೋದರು. ಇದ್ದವರು ನಾನು, ನನ್ನ ಪುಟ್ಟ ಮಗಳು, ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಅಷ್ಟರಲ್ಲಿ ಮಂಜು ಮುಸುಕಿತು.

ನಾನು ದಿಕ್ಸೂಚಿ ತೆಗೆದೆ. ಮೇಷ್ಟ್ರು ಕಿತ್ತುಕೊಂಡರು.

“ಕೊಡಮ್ಮ ಇಲ್ಲಿ. ದೇವರ ಮೇಲೆ ಭಾರ ಹಾಕಿ ನಡೆಯೋಕೆ ಇದೇನು ತಿರುಪತಿ ಬೆಟ್ಟವಾ? ಸಾರಿಗೆ ಒಗ್ಗರಣೆ ಹಾಕೋರಿಗೆಲ್ಲ ಇದು ಅರ್ಥ ಆಗಲ್ಲ.”

ಮಗಳು ಚಳಿಗೆ ಗಡಗಡ ನಡುಗುತ್ತಿದ್ದಳು. ಅವರು ನಕ್ಷೆಯನ್ನು ಮುಳ್ಳಿಗೆ ಹೊಂದಿಸಿ ನೋಡಿದರು.

“ಶಿಬಿರ ನೇರ ದಕ್ಷಿಣಕ್ಕಿದೆ. ಅರ್ಧ ಗಂಟೆ ದಾರಿ.”

“ಬೇಗ ನಡೀರಿ ಮೇಷ್ಟ್ರೇ, ಮಗು ತಡ್ಕೊಳಲ್ಲ.”

ಅವರು ಚೀಲ ಇಳಿಸಿ ಬಂಡೆಯ ಮೇಲೆ ಕುಳಿತರು.

“ಇವತ್ತು ಗುರುವಾರ ಕಣಮ್ಮ. ದಕ್ಷಿಣಕ್ಕೆ ವಾರಶೂಲೆ ಇದೆ, ಆ ದಿಕ್ಕಿಗೆ ಹೊರಟರೆ ಕೇಡು. ಬೆಳಗಾಗಲಿ.”