ಸರ್ವೇಯರ್ ಬಿಟ್ಟ ಮೂಲೆ

ಇದನ್ನು ಕೊಂಡರೆ, ಅವಳು ಇನ್ನು ಏಳುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆಯೇ...?

ತುಮಕೂರಿನ ಒಂದು ಅಂಗಡಿಯಲ್ಲಿ, ಸಾಲಾಗಿ ನಿಲ್ಲಿಸಿದ್ದ, ಬಿಸಿ ಆವಿಯಿಂದ ನೆಲ ಒರೆಸುವ ಸ್ಟೀಮ್ ಮಾಪ್‌ಗಳ ಮುಂದೆ ಆ ನಿವೃತ್ತ ಸರ್ವೇಯರ್ ಬಹಳ ಹೊತ್ತು ನಿಂತಿದ್ದರು.

ಹೆಂಡತಿ ಪಂಕಜಾಕ್ಷಿಗೆ ಮಂಡಿ ಆಪರೇಷನ್ ಆಗಿ ಐದು ವಾರವಾಗಿತ್ತು. ಬಿದ್ದುಬಿಡುತ್ತೇನೆಂಬ ಭಯ... ಅವರು ಕೈಹಿಡಿದು ಬಾತ್‌ರೂಮಿಗೆ ಕರೆದೊಯ್ದರೆ ಅಷ್ಟೇ ಆಕೆಯ ನಡಿಗೆ. ವಾಕರ್ ಮಂಚದ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು.

"ಈ ತಿಂಗಳು ನಡೀಲಿಲ್ಲ ಅಂದ್ರೆ ಮಂಡಿ ಬಿಗಿದುಕೊಳ್ಳುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ," ಎಂದಿದ್ದರು ಡಾಕ್ಟರ್.

ಅಂಗಡಿಯ ಹೆಂಗಸು ಹತ್ತಿರ ಬಂದಳು. "ಯಾರು ಒರೆಸ್ತಾರೆ ಸರ್? ಮೇಡಮ್ಮಾ?"

"ನಾನೇ."

ಆಕೆ ಅವರನ್ನೊಮ್ಮೆ ನೋಡಿದಳು. "ಟೈಲ್ಸ್ ನೆಲ ತಾನೇ? ಹಾಗಾದ್ರೆ ತೊಂದ್ರೆ ಇಲ್ಲ. ದೊಡ್ಡ ಟ್ಯಾಂಕಿಂದು ತಗೊಳ್ಳಿ, ಮತ್ತೆ ಮತ್ತೆ ನೀರು ತುಂಬೋದು ತಪ್ಪುತ್ತೆ."

ಅವರು ಒಂದೊಂದನ್ನೂ ಎತ್ತಿ ನೋಡಿದರು. ಜೇಬಿನಿಂದ ಟೇಪ್ ತೆಗೆದು ವೈರ್ ಅಳೆದರು. ಮೂವತ್ತೊಂದು ವರ್ಷ ಸರ್ವೇ ಇಲಾಖೆಯಲ್ಲಿ ಹೊಲ ಅಳೆದ ಕೈ ಅದು... ಒಂದು ಮೂಲೆಗಲ್ಲನ್ನೂ ತಪ್ಪಿಸದ ಮನುಷ್ಯ.

"ಟ್ಯಾಂಕ್ ಚಿಕ್ಕದಾದ್ರೂ ಸರಿ. ಎಲ್ಲಕ್ಕಿಂತ ಹಗುರವಾಗಿರೋದು ಕೊಡಿ. ವೈರ್ ಉದ್ದ ಇರಲಿ."

ಒರೆಸುವವರು ತಾವೇ ಆಗಿದ್ದರೂ ಹಗುರವಾದದ್ದನ್ನು ಯಾಕೆ ಕೇಳಿದೆ ಎಂದು ಅವರಿಗೇ ತಿಳಿಯಲಿಲ್ಲ...

ಮರುದಿನ ಶುಕ್ರವಾರ.

ಶುಕ್ರವಾರ ನೆಲ ಒರೆಸುವ ಬಕೆಟ್ಟಿಗೆ ಪಂಕಜಾಕ್ಷಿ ಚಿಟಿಕೆ ಅರಿಶಿನ, ಒಂದು ಹಿಡಿ ಕಲ್ಲುಪ್ಪು ಹಾಕುತ್ತಿದ್ದಳು. ನೆಲ ಒರೆಸುವ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಅದೊಂದೇ.

ಮಾಪ್‌ನ ಟ್ಯಾಂಕಿಗೂ ಅದನ್ನೇ ಹಾಕಿದರು.

ಮಷೀನು ಬುಸ್ ಎಂದಿತು... ಕೆಮ್ಮಿತು... ಆಮೇಲೆ ದೇವರ ಕೋಣೆಯ ಬಿಳಿ ಟೈಲ್ಸ್ ಮೇಲೆಲ್ಲ ಹಳದಿ ನೀರು ಕಾರಿತು.

ಮಂಚದಿಂದ ದನಿ ಬಂತು. "ರೀ, ಅದಕ್ಕೇನು ಹಾಕಿದ್ರಿ?"

"ಅರಿಶಿನ... ಉಪ್ಪು."

"ಸರಿಹೋಯ್ತು. ಕುಂಕುಮನೂ ಇಟ್ಬಿಡಿ, ಅದೂ ಮುತ್ತೈದೆ ಆಗ್ಲಿ. ಮೊದ್ಲು ಸ್ವಿಚ್ ಆರಿಸಿ."

ಸ್ವಿಚ್ ಆರಿಸಿ, ಹೆಗಲ ಮೇಲಿನ ಟವೆಲಿನಿಂದ ಉಜ್ಜತೊಡಗಿದರು. ಉಜ್ಜಿದಷ್ಟೂ ಹಳದಿ ಹರಡಿತು.

"ಉಜ್ಜಬೇಡಿ, ಬಿಡಿ ಇಲ್ಲಿ."

ಈ ಸಲ ದನಿ ಕಿವಿಯ ಹತ್ತಿರವೇ ಕೇಳಿಸಿತು. ತಲೆಯೆತ್ತಿದರೆ... ಪಂಕಜಾಕ್ಷಿ ಪಕ್ಕದಲ್ಲಿ ನಿಂತಿದ್ದಳು.

ಮಂಚದಿಂದ ಅಲ್ಲಿಗೆ ಹನ್ನೊಂದು ಹೆಜ್ಜೆ. ವಾಕರ್ ಮಂಚದ ಪಕ್ಕದಲ್ಲೇ ಇತ್ತು.

ಇಬ್ಬರೂ ಅದನ್ನು ನೋಡಿದರು. ಆಗ ಆಕೆಯ ಕಾಲು ನಡುಗಿತು. ಅವರು ಹೆಗಲು ಕೊಟ್ಟರು.

ಅಂದು ಅವರು ಮಷೀನಿನ ಜೊತೆ ಬಂದಿದ್ದ ಪುಸ್ತಕವನ್ನು ಮೂರು ಸಲ ಓದಿದರು. ಟ್ಯಾಂಕಿಗೆ ಬರೀ ನೀರು... ಬೋರ್‌ವೆಲ್ ನೀರೂ ಒಳಗೆ ಬಿಳಿ ಪದರ ಕಟ್ಟುತ್ತದೆ, ಫಿಲ್ಟರ್ ನೀರೇ ಆಗಬೇಕು. ಮೊದಲು ಕಸ ಗುಡಿಸಬೇಕು. ಆವಿ ಬರುವ ತನಕ ಕಾಯಬೇಕು. ಅವಸರ ಮಾಡಬಾರದು.

ಟ್ಯಾಂಕನ್ನು ತೊಳೆದು ತೊಳೆದು ಮಷೀನನ್ನು ದಾರಿಗೆ ತಂದರು. ನಾಲ್ಕನೆಯ ದಿನಕ್ಕೆ, ಒಂದು ಗೆರೆಯೂ ಉಳಿಯದ ಹಾಗೆ ಒರೆಸುವುದನ್ನು ಕಲಿತರು.

ಐದನೆಯ ದಿನ, ಮಂಚದಿಂದ ಚೆನ್ನಾಗಿ ಕಾಣುವ ಒಂದು ಮೂಲೆಯ ಹತ್ತಿರ ಅವರ ಕೈ ನಿಂತಿತು... ಆ ಮೂಲೆಯನ್ನು ಬಿಟ್ಟು ಮುಂದೆ ಹೋದರು.

"ರೀ... ಆ ಮೂಲೆ."

"ಯಾವ ಮೂಲೆ?"

"ಊರೋರ ಹೊಲದ ಮೂಲೆಯೆಲ್ಲ ಹುಡುಕಿ ಕಲ್ಲು ನೆಟ್ಟು ಬಂದ್ರಿ. ಮನೆ ಮೂಲೆ ಕಾಣಲ್ವಾ?"

ಅವರು ಕಾಣದವರಂತೆ ಅತ್ತಿತ್ತ ನೋಡಿದರು. ಆಕೆ ಗೊಣಗುತ್ತಾ ವಾಕರ್ ಹಿಡಿದು ಎದ್ದಳು.

ಹಲ್ಲು ಕಚ್ಚಿ ಆ ಮೂಲೆ ತಲುಪಿದಳು. ಒಂದು ಕೈಯಲ್ಲಿ ವಾಕರ್, ಇನ್ನೊಂದು ಕೈಯಲ್ಲಿ ಮಾಪ್. ಹಗುರವಾದ ಮಾಪ್... ಅವರು ಒಂದು ಹೆಜ್ಜೆ ಹಿಂದೆ, ಮುಟ್ಟದೆ, ಎರಡೂ ಕೈ ಚಾಚಿಕೊಂಡು ನಿಂತಿದ್ದರು.

ಮರುದಿನ ಬಾಗಿಲ ಹಿಂದಿನ ಮೂಲೆ. ಆಮೇಲೆ ಊಟದ ಟೇಬಲ್ಲಿನ ಆಚೆಯದು. ಮಂಚದಿಂದ ದಿನಕ್ಕೆ ಎರಡೇ ಅಡಿ ಹೆಚ್ಚು ದೂರ... ಅಳೆದ ಹಾಗೆ.

ನಾದಿನಿ ನಳಿನಿ ನೋಡಲು ಬಂದವಳು ನಕ್ಕಳು. "ಇಷ್ಟು ವರ್ಷ ಸರ್ವಿಸ್ ಮಾಡಿದೋರಿಗೆ ಒಂದು ನೆಲ ಒರೆಸೋಕೆ ಬರಲ್ವಾ ಭಾವ?"

"ಅವರಿಗೆಲ್ಲಿ ಬರುತ್ತೆ," ಎಂದಳು ಪಂಕಜಾಕ್ಷಿ. "ನಾನಿಲ್ದಿದ್ರೆ ಈ ಮನೆ ಮುಗೀತು." ಹೇಳುತ್ತಲೇ ಎದ್ದಳು. "ಇವತ್ತು ಅಡುಗೆಮನೆವರೆಗೂ ಹೋಗ್ತೀನಿ. ಯಾರೂ ಹಿಡ್ಕೋಬೇಡಿ."

ಅವರು ತಲೆ ತಗ್ಗಿಸಿ ಕಾಫಿ ಕುಡಿದರು.

ಒಂದು ಸಂಜೆ ತರಕಾರಿ ತಂದು ಬಾಗಿಲು ತೆರೆದರೆ... ಮನೆಯೆಲ್ಲ ಒರೆಸಿ ಆಗಿತ್ತು. ನೆಲ ಕನ್ನಡಿಯಂತಿತ್ತು. ವಾಕರನ್ನು ಯಾರೋ ಮಡಚಿ ಬಾಗಿಲ ಹಿಂದೆ ಇಟ್ಟಿದ್ದರು.

ಅವರ ಬೀರುವಿನ ಪಕ್ಕದ ಒಂದು ಮೂಲೆಯಲ್ಲಿ ಮಾತ್ರ ಧೂಳು ಹಾಗೇ ಇತ್ತು.

"ಪಂಕಜ... ಆ ಮೂಲೆ ಬಿಟ್ಟಿದ್ದೀಯ."

ಆಕೆ ಅಡುಗೆಮನೆಯಲ್ಲಿ ನಿಂತು ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ಇರಲಿ ಬಿಡಿ. ನೀವೂ ಎದ್ದು ಬರೋಕೆ ಒಂದು ಮೂಲೆ ಬೇಕಲ್ಲ."

ಅವರ ಕಣ್ಣು ತುಂಬಿ ಬಂತು. ತರಕಾರಿ ಚೀಲ ಕೆಳಗಿಟ್ಟು, ಮಾಪ್ ತೆಗೆದುಕೊಂಡರು...

ಎದ್ದು ಬರಬೇಕಾದವರಿಗಾಗಿ ಒಂದು ಮೂಲೆ ಬಿಟ್ಟುಕೊಡುವುದೂ ಪ್ರೀತಿಯೇ.

ಪ್ರೀತಿಯಿಂದಲೇ ನೀವು ಪೂರ್ತಿ ಮಾಡಿ ಮುಗಿಸುತ್ತಿರುವ ಯಾವ ಕೆಲಸ, ನಿಮ್ಮ ಮನೆಯಲ್ಲಿ ಯಾರನ್ನು ಮಂಚದ ಮೇಲೆಯೇ ಕೂರಿಸಿದೆ...?

ಆ ಮೂಲೆಗಳನ್ನೆಲ್ಲ ಬೇಕೆಂದೇ ಬಿಟ್ಟೆ ಎಂದು ಅವರು ಹೆಂಡತಿಗೆ ಎಂದೂ ಹೇಳಲಿಲ್ಲ.