ಲಿನಕ್ಸ್ ಹಾಕಿದ ದಿನ

ಆ ಮನೆಯಲ್ಲಿ ಬಿಂದುಶ್ರೀಗೆಂದು ಬೀಗ ಹಾಕುವ ಒಂದು ಪೆಟ್ಟಿಗೆಯೂ ಇರಲಿಲ್ಲ. ಅತ್ತೆಯ ಬೈಗುಳ, ಗಂಡನ ಹೊಡೆತ ಎಲ್ಲವನ್ನೂ ಕಥೆ ಮಾಡಿ ಬರೆದು, ಕಂಪ್ಯೂಟರಿನಲ್ಲಿ ಯಾರೂ ತೆರೆಯದ ಒಂದು ಫೋಲ್ಡರಿನಲ್ಲಿ ಬಚ್ಚಿಟ್ಟಿದ್ದಳು.

ವೈರಸ್ ಹಿಡಿದ ವಿಂಡೋಸ್ ತೆಗೆದು ಪುಕ್ಕಟೆ ಲಿನಕ್ಸ್ ಹಾಕಲು ಗಂಡ ಯೋಗಾನಂದ ಹೊರಟಿದ್ದ. ಫೋನಿನ ವೈರು ಹಜಾರದಿಂದ ಕಂಪ್ಯೂಟರಿದ್ದ ಕೋಣೆಯವರೆಗೆ ಬರುತ್ತಿರಲಿಲ್ಲ. ಸಕಲೇಶಪುರದಿಂದ ಗೆಳೆಯ ಧರ್ಮ ಫೋನಿನಲ್ಲಿ ಹೇಳಿದ್ದನ್ನು ಅವನು ಹಜಾರದಿಂದಲೇ ಕೂಗುತ್ತಿದ್ದ, ಇವಳು ಕೀ ಒತ್ತುತ್ತಿದ್ದಳು.

"ಇದ್ದದ್ದೆಲ್ಲಾ ಅಳಿಸೋಗುತ್ತೆ ಅಂತೈತೆ ಕಣ್ರೀ," ಎಂದಳು.

"ಹೋಗ್ಲಿ ಬಿಡೇ. ನಿಂದೇನೈತೆ, ಆ ಇಸ್ಪೀಟಾಟ ತಾನೆ?" ಎಂದು ಯೋಗಾನಂದ ನಕ್ಕ. ಧರ್ಮ ಆ ಕಡೆಯಿಂದ ಇನ್ನೇನೋ ಹೇಳಿದ. "ಬೇಕಾದ್ದು ಇದ್ರೆ ಇವ್ನೇ ಬಂದು ಸಿಡಿಗೆ ಹಾಕ್ಕೊಡ್ತಾನಂತೆ. ಇರು, ಏನೈತೆ ಅಂತ ಮೊದ್ಲು ನಂಗೆ ತೋರ್ಸು."

ಅವನು ರಿಸೀವರ್ ಪಕ್ಕಕ್ಕಿಟ್ಟ ಸದ್ದಾಯಿತು. ಆಮೇಲೆ ಕೋಣೆಯತ್ತ ಬರುವ ಹೆಜ್ಜೆಯ ಸದ್ದು. ಅವಳ ಬೆರಳು ಎಂಟರ್ ಕೀಯ ಮೇಲಿತ್ತು. ಕಥೆಗಳನ್ನು ಉಳಿಸಿಕೊಳ್ಳಬೇಕಾದರೆ ಅವನಿಗೆ ತೋರಿಸಬೇಕಿತ್ತು.

"ನಂದೇನೈತ್ರೀ ಇದ್ರಲ್ಲಿ," ಎಂದು ಒತ್ತಿಬಿಟ್ಟಳು.

ಹದಿನಾರು ಕಥೆಗಳು ಹೋದವು, ಅರ್ಧ ಬರೆದದ್ದು ಇನ್ನೊಂದು.